ಹಂತಿ ನಿಂತ ಮೇಲೆ

ಹಂತಿಯ ಹಾಡುಗಳನ್ನು ಸಂಗ್ರಹಿಸಿದವರು ನಮ್ಮಲ್ಲಿ ಸಾಕಷ್ಟಿದ್ದಾರೆ. ಹಂತಿ ನಿಂತ ಮೇಲೆ ಕಣದಲ್ಲಿ ಏನಾಯಿತು ಎಂದು ಕೇಳಿದವರು ಕಡಿಮೆ. ಹಾವೇರಿ ಜಿಲ್ಲೆಯ ಬೇಸಾಯದ ಬದಲಾವಣೆಯನ್ನು ಅಭ್ಯಾಸ ಮಾಡುತ್ತಿರುವ ನನಗೆ ಈ ಎರಡನೆಯ ಪ್ರಶ್ನೆಯೇ ಹೆಚ್ಚು ಕಾಡಿದೆ. ಕಣದಲ್ಲಿ ಬದಲಾದದ್ದು ಸಾಧನವಷ್ಟೇ ಅಲ್ಲ, ಕೆಲಸದ ವೇಗವೂ ಹೌದು.

ಹಳೆಯ ಕಣದ ನಡುವೆ ಮೇಟಿ ಇರುತ್ತಿತ್ತು. ಅದರ ಸುತ್ತ ಸಾಲಾಗಿ ಕಟ್ಟಿದ ಎತ್ತುಗಳು ಜೋಳದ ತೆನೆಯನ್ನು ತುಳಿಯುತ್ತಿದ್ದವು. ರಾತ್ರಿಯ ಕೆಲಸದಲ್ಲಿ ನಿದ್ದೆ ಬರದಂತೆ ಹಾಡುತ್ತಿದ್ದರು. ಆ ಕಣ ನಿರಪಾಯವಾಗಿತ್ತು ಎಂದೇನಲ್ಲ. ಎತ್ತು ಹಾಯುತ್ತಿತ್ತು, ಗೊರಸು ಕಾಲನ್ನು ತುಳಿಯುತ್ತಿತ್ತು. ಆದರೆ ಯಾರಾದರೂ ಎಡವಿ ಬಿದ್ದು ಕೂಗಿದರೆ ಎತ್ತನ್ನು ನಿಲ್ಲಿಸಬಹುದಿತ್ತು.

ಈಗ ಟ್ರ್ಯಾಕ್ಟರ್‌ನ ಹಿಂಬದಿಯಿಂದ ರಾಶಿ ಮಷಿನ್‌ಗೆ ಶಕ್ತಿ ಒಯ್ಯುವ ಪಿಟಿಒ ಸಾಮಾನ್ಯವಾಗಿ ನಿಮಿಷಕ್ಕೆ 540 ಸುತ್ತು ತಿರುಗುತ್ತದೆ, ಅಂದರೆ ಸೆಕೆಂಡಿಗೆ 9 ಸುತ್ತು. ಟವೆಲ್ಲಿನ ತುದಿಯೋ ಸೀರೆಯ ಸೆರಗೋ ಅದಕ್ಕೆ ಸಿಕ್ಕರೆ ಬಿಡಿಸಿಕೊಳ್ಳಲು ಸಮಯವೇ ಉಳಿಯುವುದಿಲ್ಲ. ತಿರುಗುವ ದಂಡಕ್ಕೆ ಕವಚವೇನೋ ಇರುತ್ತದೆ. ಅದು ಒಡೆದರೂ ಮಷಿನ್ ಓಡುತ್ತದೆ, ಹಾಗಾಗಿ ಅದನ್ನು ಬದಲಿಸುವ ಅವಸರ ಯಾರಿಗೂ ಇರುವುದಿಲ್ಲ.

ತಿರುಗುವ ಯಂತ್ರಕ್ಕೆ ತಡೆ ಇರಬೇಕು ಎಂಬುದು ನಮ್ಮ ಕಾನೂನಿಗೆ ತಿಳಿಯದ ಮಾತಲ್ಲ. 1948ರ ಕಾರ್ಖಾನೆ ಕಾಯ್ದೆ ಅದನ್ನೇ ಹೇಳಿತ್ತು, ಆದರೆ ಹೊಲ ಕಾರ್ಖಾನೆಯಲ್ಲ. ಹಸಿರು ಕ್ರಾಂತಿಯ ಜೊತೆ ಗೋಧಿ ಸೀಮೆಯಲ್ಲಿ ಒಕ್ಕುವ ಯಂತ್ರಗಳು ಹೆಚ್ಚಿದವು, ಕೈ ಕಳೆದುಕೊಂಡವರೂ ಹೆಚ್ಚಿದರು. ಕೊನೆಗೆ 1983ರಲ್ಲಿ ಸಂಸತ್ತು ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯ್ದೆಯನ್ನು ತಂದು, ಒಕ್ಕುವ ಯಂತ್ರವನ್ನು ಅದರ ಅನುಸೂಚಿಯಲ್ಲಿ ಹೆಸರಿಸಿತು. ತಯಾರಕರಿಗೂ ಮಾರಾಟಗಾರರಿಗೂ ಪರವಾನಗಿ, ಗಾಯಗೊಂಡವರಿಗೆ ಪರಿಹಾರ ಅದರ ಉದ್ದೇಶಗಳು. ತೆನೆ ಒಡ್ಡುವ ಬಾಯಿ ಕನಿಷ್ಠ 90 ಸೆಂ.ಮೀ. ಉದ್ದವಿದ್ದು, ಅದರಲ್ಲಿ 45 ಸೆಂ.ಮೀ. ಮುಚ್ಚಿರಬೇಕು ಎನ್ನುತ್ತದೆ ಭಾರತೀಯ ಮಾನಕ. ಒಳಗೆ ತಿರುಗುವ ಹಲ್ಲುಗಳಿಗೆ ಮನುಷ್ಯನ ಕೈ ಎಟುಕಬಾರದು ಎಂಬುದೇ ಈ ಅಳತೆಯ ಹಿಂದಿನ ಲೆಕ್ಕ.

ಆದರೆ ಕಾಗದದ ಈ ಅಳತೆ ಕಣಕ್ಕೆ ಬಂದಾಗ ಬಾಡಿಗೆಯ ಲೆಕ್ಕ ಎದುರಾಗುತ್ತದೆ. ಜೋಳ, ಹತ್ತಿಯ ಹೊಲಗಳಿಗೆ ಗೋವಿನಜೋಳ ಬಂದ ರಾಣೆಬೆನ್ನೂರು ಸೀಮೆಯಲ್ಲಿ ಮಷಿನ್ ಒಬ್ಬರದು, ಬೆಳೆ ಇನ್ನೊಬ್ಬರದು, ಕೈ ಮೂರನೆಯವರದು. ಬಾಡಿಗೆ ಗಂಟೆಗಾದರೆ ಮಷಿನ್ ನಿಂತಷ್ಟು ಹೊತ್ತು ರೈತನಿಗೆ ನಷ್ಟ, ಚೀಲಕ್ಕಾದರೆ ಮಾಲೀಕನಿಗೆ ನಷ್ಟ. ಹೀಗಾಗಿ ತೆನೆ ಸಿಕ್ಕಿಕೊಂಡಾಗ ಎಂಜಿನ್ ಬಂದ್ ಮಾಡದೆ ಕೈ ಹಾಕುವ ಕೂಲಿಯವರನ್ನು ಬರಿ ‘ಅಜಾಗರೂಕರು’ ಎಂದು ಕರೆದರೆ ಚರಿತ್ರೆಯ ಅರ್ಧ ಭಾಗವನ್ನು ಮರೆತಂತೆ.

ಬ್ಯಾಡಗಿಯ ಕಡೆ ಅಪಾಯದ ರೂಪವೇ ಬೇರೆ. ಮೆಣಸಿನಕಾಯಿಯನ್ನು ಕೈಯಿಂದಲೇ ಬಿಡಿಸಬೇಕು, ಒಕ್ಕುವ ಮಾತೇ ಇಲ್ಲ. ಅಲ್ಲಿ ಕೂಲಿ ಹೆಂಗಸರು ಟ್ರ್ಯಾಕ್ಟರ್‌ಗೆ ಹತ್ತಿರವಾಗುವುದು ಟ್ರೇಲರ್‌ನಲ್ಲಿ ಕುಳಿತು ಹೊಲಕ್ಕೆ ಹೋಗುವಾಗ. ಟ್ರೇಲರ್ ಇರುವುದು ಸರಕಿಗೆ, ಜನರಿಗಲ್ಲ. ಅದು ಉರುಳಿದರೆ ವಿಮೆಯ ದಾರಿಯೂ ಕಠಿಣವಾಗುತ್ತದೆ. 2007ರಲ್ಲಿ ಇಂಥದೊಂದು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ವಿಮಾ ಕಂಪನಿ ಹೊಣೆಯಲ್ಲ ಎಂದೇ ಹೇಳಿತು. ಆದರೂ ಗಾಯಾಳು ಬಡ ಕೂಲಿಯವನೆಂದು ತನ್ನ ವಿಶೇಷ ಅಧಿಕಾರ ಬಳಸಿ, ಕಂಪನಿ ಮೊದಲು ಹಣ ಕೊಟ್ಟು ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ ಎಂದಿತು. ಕಾನೂನಿನಲ್ಲಿ ಹಕ್ಕಾಗಿ ಸಿಗದ್ದು ನ್ಯಾಯಾಲಯದ ಕರುಣೆಯಿಂದ ಸಿಕ್ಕಿತು.

ಹಂತಿಯ ಹಾಡನ್ನು ಬರೆದುಕೊಂಡ ಹಾಗೆಯೇ ಈ ಕೈಗಳ ಕತೆಯನ್ನೂ ನಾವು ಬರೆದುಕೊಳ್ಳಬೇಕಿದೆ. ಎತ್ತಿಗೆ ಕೇಳಿಸುತ್ತಿದ್ದ ಕೂಗು ಮಷಿನ್‌ಗೆ ಕೇಳಿಸುವುದಿಲ್ಲ. ಅದು ಕೇಳಬೇಕಾದವರು ಎಂಜಿನ್ ಬಂದ್ ಮಾಡಬಲ್ಲವರು. ಹಾಗೆ ನಿಲ್ಲಿಸಿದ ಹೊತ್ತಿನ ಬಾಡಿಗೆಯನ್ನು ಯಾರು ಹೊರಬೇಕು ಎಂಬುದು ಸುಗ್ಗಿಗೆ ಮುಂಚೆಯೇ ತೀರ್ಮಾನವಾಗಬೇಕು.