ತರಕಾರಿಗೆ ಎಷ್ಟು ಉಪ್ಪು?

ಸವಳು ಭೂಮಿಯ ಮಾತು ಬಂದರೆ ಭತ್ತ, ಗೋಧಿ, ಹತ್ತಿಗಳ ಕಥೆಯೇ ಮುಂದೆ ಬರುತ್ತದೆ. ಉಪ್ಪಿನ ಏಟಿಗೆ ಎಲ್ಲಕ್ಕಿಂತ ಮೊದಲು ಮಲಗುವ ತರಕಾರಿಗಳು ಮಾತ್ರ ಹಿಂದಿನ ಸಾಲಿನಲ್ಲೇ ಉಳಿದಿವೆ. ಈರುಳ್ಳಿ, ಬೀನ್ಸ್, ಟೊಮೆಟೊಗಳ ಕಡೆಯಿಂದ ನೋಡಿದರೆ ಲವಣ ಸಂಶೋಧನೆಯ ಚರಿತ್ರೆ ಬೇರೆಯೇ ಆಗಿ ಕಾಣುತ್ತದೆ.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜರ್ಮನಿಯ ಸಸ್ಯವಿಜ್ಞಾನಿ ಶಿಂಪರ್ ಒಂದು ವಿವರಣೆ ಕೊಟ್ಟಿದ್ದರು. ಉಪ್ಪು ನೆಲದ ಗಿಡ ನೀರಿನ ನಡುವೆಯೇ ಬಾಯಾರುತ್ತದೆ. ಮಣ್ಣು ಹಸಿಯಾಗಿದ್ದರೂ ಉಪ್ಪು ಆ ನೀರನ್ನು ಹಿಡಿದಿಟ್ಟುಕೊಳ್ಳುವುದರಿಂದ ಬೇರಿಗೆ ಎಳೆದುಕೊಳ್ಳಲಾಗದು ಎಂಬುದು ಅದರ ಸಾರ. ದಶಕಗಳ ಕಾಲ ಎಲ್ಲರೂ ಇದನ್ನೇ ನಂಬಿದರು. 1961ರಲ್ಲಿ ಅಮೆರಿಕದ ಲಿಯಾನ್ ಬರ್ನ್‌ಸ್ಟೈನ್ ಇದಕ್ಕೊಂದು ತಿದ್ದುಪಡಿ ತಂದರು. ಗಿಡ ತನ್ನ ಜೀವಕೋಶದ ರಸವನ್ನೂ ಸಾಂದ್ರ ಮಾಡಿಕೊಂಡು ನೀರೆಳೆಯುವ ಶಕ್ತಿಯನ್ನು ಉಳಿಸಿಕೊಳ್ಳುತ್ತದೆ ಎಂದು ಅವರು ತೋರಿಸಿದರು. ಹಾಗಿದ್ದೂ ಅದು ಕುಳ್ಳಾಗಿಯೇ ಉಳಿಯುತ್ತದೆ. ಬಾಯಾರಿಕೆಯೊಂದರಿಂದಲೇ ಎಲ್ಲವನ್ನೂ ವಿವರಿಸಲಾಗದು ಎಂಬುದು ಅಲ್ಲಿಗೆ ಖಚಿತವಾಯಿತು.

ಬರ್ನ್‌ಸ್ಟೈನ್ ಕೆಲಸ ಮಾಡುತ್ತಿದ್ದದ್ದು ಕ್ಯಾಲಿಫೋರ್ನಿಯದ ರಿವರ್‌ಸೈಡ್‌ನಲ್ಲಿ 1937ರಲ್ಲಿ ಆರಂಭವಾದ ಲವಣತೆ ಪ್ರಯೋಗಾಲಯದಲ್ಲಿ. ಈ ಕ್ಷೇತ್ರದ ಅಳತೆಗೋಲುಗಳೆಲ್ಲ ಬಹುಮಟ್ಟಿಗೆ ಅಲ್ಲಿನವೇ. 1954ರಲ್ಲಿ ಅದು ಪ್ರಕಟಿಸಿದ 60ನೆಯ ಕೈಪಿಡಿ, ಮಣ್ಣಿನ ರಸದ ವಿದ್ಯುತ್ ವಾಹಕತೆ, ಅಂದರೆ ಇ.ಸಿ., ಮೀಟರಿಗೆ 4 ಡೆಸಿಸೀಮೆನ್ಸ್ ದಾಟಿದರೆ ಅದು ಲವಣ ಭೂಮಿ ಎಂದು ಗೆರೆ ಎಳೆಯಿತು. ಇಂದಿಗೂ ಪಠ್ಯಪುಸ್ತಕಗಳಲ್ಲಿರುವುದು ಇದೇ ಗೆರೆ. 1977ರಲ್ಲಿ ಅದೇ ಪ್ರಯೋಗಾಲಯದ ಮಾಸ್ ಮತ್ತು ಹಾಫ್‌ಮನ್ ಬೆಳೆಗಳ ಕೋಷ್ಟಕವೊಂದನ್ನು ಸಿದ್ಧಪಡಿಸಿದರು. ಪ್ರತಿ ಬೆಳೆಗೂ ಅದರಲ್ಲಿ ಎರಡು ಅಂಕಿಗಳಿವೆ: ಇಳುವರಿ ಯಾವ ಮಟ್ಟದವರೆಗೆ ಕುಗ್ಗುವುದಿಲ್ಲ, ಅದನ್ನು ದಾಟಿದ ಮೇಲೆ ಪ್ರತಿ ಡೆಸಿಸೀಮೆನ್ಸ್‌ಗೆ ಶೇಕಡಾ ಎಷ್ಟು ಕುಗ್ಗುತ್ತದೆ.

ಆ ಅಂಕಿಗಳಿಂದ ಲೆಕ್ಕ ಹಾಕಿದರೆ ತರಕಾರಿಗಳ ಪಾಡು ಗೊತ್ತಾಗುತ್ತದೆ. ಬೀನ್ಸ್‌ನ ಮಿತಿ 1, ಕುಸಿತ ಶೇ. 19. ಈರುಳ್ಳಿಯದು 1.2 ಮತ್ತು ಶೇ. 16. ಕ್ಯಾರೆಟ್‌ನದು 1 ಮತ್ತು ಶೇ. 14. ಅಂದರೆ ಇ.ಸಿ. ಸರಿಯಾಗಿ 4 ಇರುವ ಹೊಲದಲ್ಲಿ ಬೀನ್ಸ್ ಅರ್ಧಕ್ಕಿಂತ ಹೆಚ್ಚು ಇಳುವರಿಯನ್ನು ಆಗಲೇ ಕಳೆದುಕೊಂಡಿರುತ್ತದೆ, ಈರುಳ್ಳಿಗೆ ಶೇ. 45ರಷ್ಟು ನಷ್ಟ. ಮಿತಿ 2.5 ಇರುವ ಟೊಮೆಟೊ ಶೇ. 15ರಷ್ಟು ಸೋಲುತ್ತದೆ. ಬೀಟ್‌ರೂಟ್ ಮಾತ್ರ ಏನೂ ಆಗದಂತೆ ನಿಂತಿರುತ್ತದೆ. ಬಾರ್ಲಿಯ ಮಿತಿ 8, ಹತ್ತಿಯದು 7.7. ‘ಲವಣ ಭೂಮಿ’ಯ ಗೆರೆಯನ್ನು ಎಳೆಯುವಾಗ ತರಕಾರಿ ಬೆಳೆಗಾರ ಯಾರ ನೆನಪಿನಲ್ಲೂ ಇದ್ದಂತಿಲ್ಲ.

ಕೋಷ್ಟಕಕ್ಕೆ ಅದರದೇ ಮಿತಿಗಳೂ ಇದ್ದವು. ಬಹುಪಾಲು ಪ್ರಯೋಗಗಳಲ್ಲಿ ಸಸಿ ಬೇರೂರಿದ ಮೇಲೆಯೇ ಉಪ್ಪುನೀರು ಕೊಟ್ಟಿದ್ದರು. ಹೊಲದಲ್ಲಿ ಆ ರಿಯಾಯಿತಿ ಎಲ್ಲಿದೆ? ಬೀಟ್‌ರೂಟ್ ಬೆಳೆದ ಮೇಲೆ ಗಟ್ಟಿಗ, ಮೊಳಕೆಯೊಡೆಯುವಾಗ ಹಾಗಲ್ಲ. ಕೋಷ್ಟಕವನ್ನು ಎತ್ತಿ ಹೇಳುವವರಲ್ಲಿ ಹೆಚ್ಚಿನವರು ಅದರ ಅಡಿಟಿಪ್ಪಣಿ ಓದುವುದಿಲ್ಲ.

ಅಷ್ಟರಲ್ಲಿ ಪ್ರಶ್ನೆಯೇ ಬದಲಾಗತೊಡಗಿತ್ತು. ಗಿಡ ಎಷ್ಟು ಉಪ್ಪು ತಾಳುತ್ತದೆ ಎನ್ನುವುದರ ಜೊತೆಗೆ, ಒಳಬಂದ ಉಪ್ಪನ್ನು ಅದು ಎಲ್ಲಿ ಇಡುತ್ತದೆ ಎಂದೂ ಕೇಳತೊಡಗಿದರು. ಈ ತಿರುವಿನಲ್ಲಿ ಸಿಗುವುದು ಗಲಪಾಗೊಸ್ ದ್ವೀಪಗಳ ಕಾಡು ಟೊಮೆಟೊ. ಅದರ ಬೀಜವನ್ನು ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ಸಿಗೆ ತಂದವರು ಅಲ್ಲಿನ ವಿಜ್ಞಾನಿ ಚಾರ್ಲ್ಸ್ ರಿಕ್. ತಂದ ಬೀಜ ಸುಲಭಕ್ಕೆ ಮೊಳೆಯುತ್ತಿರಲಿಲ್ಲ. ದ್ವೀಪದ ದೈತ್ಯ ಆಮೆಗಳು ಹಣ್ಣು ತಿಂದು, ಬೀಜ ಅವುಗಳ ಹೊಟ್ಟೆ ಹಾದು ಬಂದರೆ ಚೆನ್ನಾಗಿ ಮೊಳೆಯುತ್ತದೆ ಎಂದು ರಿಕ್ ಮತ್ತು ಬೋಮನ್ 1961ರಲ್ಲಿ ವರದಿ ಮಾಡಿದರು. 1976ರಲ್ಲಿ ಅದೇ ಡೇವಿಸ್‌ನ ರಷ್ ಮತ್ತು ಇಮ್ಯಾನ್ಯುಯೆಲ್ ಎಪ್‌ಸ್ಟೈನ್, ಕಡಲ ದಡದ ಈ ಟೊಮೆಟೊಗೆ ಪೋಷಕಾಂಶ ಬೆರೆಸಿದ ಸಮುದ್ರದ ನೀರನ್ನೇ ಕೊಟ್ಟು ಬದುಕಿಸಿ ತೋರಿಸಿದರು. ನಾವು ಬೆಳೆಯುವ ತಳಿ ಅದರ ಅರ್ಧದಷ್ಟು ಉಪ್ಪನ್ನು ದಾಟಲಾರದೆ ಸೋತಿತು. ಅಚ್ಚರಿಯೆಂದರೆ, ಸೋಡಿಯಮ್ಮನ್ನು ಬೇರಿನಲ್ಲೇ ತಡೆಯಲು ಹೆಣಗುತ್ತಿದ್ದದ್ದು ನಾವು ಬೆಳೆಯುವ ತಳಿ. ಕಾಡು ಗಿಡ ಅದನ್ನು ಎಲೆಗೆ ಧಾರಾಳವಾಗಿ ಬಿಟ್ಟುಕೊಂಡು ಅಲ್ಲಿ ಹೇಗೋ ಸಂಭಾಳಿಸುತ್ತಿತ್ತು.

ಆ ‘ಹೇಗೋ’ ಏನೆಂಬುದಕ್ಕೆ ಉತ್ತರ ಹೊಳೆದದ್ದು ವಂಶವಾಹಿಗಳ ಕಾಲದಲ್ಲಿ. ಜೀವಕೋಶದ ನಡುವಿನ ರಸಚೀಲಕ್ಕೆ ಸೋಡಿಯಮ್ಮನ್ನು ತಳ್ಳುವ ಪ್ರೋಟೀನೊಂದಿದೆ. ಎಡ್ವರ್ಡೊ ಬ್ಲೂಮ್‌ವಾಲ್ಡ್ ಮತ್ತು ಸಂಗಡಿಗರು ಅದರ ವಂಶವಾಹಿಯನ್ನು ಟೊಮೆಟೊದಲ್ಲಿ ಹೆಚ್ಚು ಕೆಲಸ ಮಾಡುವಂತೆ ಮಾಡಿದರು. ಲೀಟರಿಗೆ ಸುಮಾರು 12 ಗ್ರಾಂ ಉಪ್ಪಿದ್ದ ನೀರಿನಲ್ಲಿ ಆ ಗಿಡ ಹೂಬಿಟ್ಟು ಕಾಯಿಕಟ್ಟಿತು. ಉಪ್ಪು ಎಲೆಯಲ್ಲಿ ಸೇರಿತು, ಹಣ್ಣಿನಲ್ಲಿ ಅಲ್ಲ. 2001ರ ಈ ಸುದ್ದಿಗೆ ಪತ್ರಿಕೆಗಳು ಕುಣಿದಾಡಿದವು. ಬ್ರಿಟನ್ನಿನ ತಿಮೋತಿ ಫ್ಲವರ್ಸ್ ಮಾತ್ರ 2004ರಲ್ಲಿ ಇಂಥ ಹೇಳಿಕೆಗಳನ್ನೆಲ್ಲ ಹರಡಿ ನೋಡಿ, ಹೊಲದಲ್ಲಿ ಸಾಬೀತಾದದ್ದು ತೀರಾ ಕಡಿಮೆ ಎಂದು ಬರೆದರು. ಅವರ ಮಾತೇ ನಿಂತಿದೆ. ಉಪ್ಪು ತಾಳುವುದು ಒಂದು ವಂಶವಾಹಿಯ ಕೆಲಸವಲ್ಲ.

ಆಸ್ಟ್ರೇಲಿಯಾದ ರಾಣಾ ಮನ್ಸ್ ಅವರ ಎರಡು ಹಂತಗಳ ಸಿದ್ಧಾಂತ ತರಕಾರಿಗಳಿಗೆ ಹೆಚ್ಚು ಹೊಂದುತ್ತದೆ. ಉಪ್ಪು ತಾಗಿದ ಕೂಡಲೇ ನೀರಿನ ಎಳೆತ ಕಷ್ಟವಾಗಿ ಹೊಸ ಎಲೆಗಳ ಬೆಳವಣಿಗೆ ನಿಧಾನವಾಗುತ್ತದೆ. ಉಪ್ಪು ಶೇಖರವಾಗಿ ಹಳೆಯ ಎಲೆ ಸುಡುವುದು ಆಮೇಲೆ. ಮೂಲಂಗಿ, ಸೊಪ್ಪುಗಳು ಎರಡನೆಯ ಹಂತ ಪೂರ್ತಿ ಬರುವ ಮೊದಲೇ ಮಾರುಕಟ್ಟೆ ಸೇರಿರುತ್ತವೆ. ಅವುಗಳ ನಷ್ಟವೆಲ್ಲ ಮೊದಲ ಹಂತದ್ದು. ಎಲೆಯ ಅಂಚು ಸುಟ್ಟಿಲ್ಲ, ಆದ್ದರಿಂದ ತೊಂದರೆಯಿಲ್ಲ ಎಂದು ಬೆಳೆಗಾರ ತಿಳಿಯುವುದು ಇಲ್ಲಿಯೇ.

ಉಪ್ಪಿನಿಂದ ಲಾಭವೂ ಇದೆ. ಇಸ್ರೇಲಿನ ನೆಗೆವ್ ಮರುಭೂಮಿಯಲ್ಲಿ, ಸಿಸಿಲಿಯ ಪಾಕಿನೊದಲ್ಲಿ ಸವುಳು ನೀರಿನಲ್ಲೇ ಬೆಳೆದ ಟೊಮೆಟೊ ಸಿಹಿಗೆ ಹೆಸರುವಾಸಿ. ಹಣ್ಣಿಗೆ ನೀರು ಕಡಿಮೆ ಹೋಗುವುದರಿಂದ ಸಕ್ಕರೆ, ಆಮ್ಲಗಳು ಸಾಂದ್ರವಾಗುತ್ತವೆ. ಆದರೆ ಹಣ್ಣು ಚಿಕ್ಕದು, ತೂಕ ಕಡಿಮೆ. ಕ್ಯಾಲ್ಸಿಯಂ ತುದಿಗೆ ತಲುಪದೆ ಕಾಯಿಯ ಕೆಳಭಾಗ ಕಪ್ಪಾಗಿ ಚರ್ಮದಂತೆ ಒಳಸರಿಯುವುದೂ ಹೆಚ್ಚು. ರುಚಿಗೆ ಬೇರೆ ಬೆಲೆ ಕೊಡುವ ಮಾರುಕಟ್ಟೆಯಲ್ಲಿ ಇದು ನಡೆಯುತ್ತದೆ. ಬಾಕ್ಸಿನ ಲೆಕ್ಕದಲ್ಲಿ ಹರಾಜಾಗುವ ಕೋಲಾರದಂಥ ಮಾರುಕಟ್ಟೆಗೆ ಇದು ಹೇಳಿ ಮಾಡಿಸಿದ್ದಲ್ಲ.

ನನ್ನ ಎಣಿಕೆಯಲ್ಲಿ ಹೆಚ್ಚು ಭರವಸೆಯ ದಾರಿ ಕಸಿ. ಜಪಾನಿನಲ್ಲಿ 1920ರ ದಶಕದಲ್ಲೇ ಸೊರಗು ರೋಗ ತಪ್ಪಿಸಲು ಕಲ್ಲಂಗಡಿಯನ್ನು ಬೇರೆ ಬಳ್ಳಿಯ ಬೇರಿನ ಮೇಲೆ ಕಸಿ ಮಾಡುತ್ತಿದ್ದರು. ತಕ್ಕ ಬೇರುಗಿಡ ಆರಿಸಿದರೆ ಸೋಡಿಯಂ, ಕ್ಲೋರೈಡ್‌ಗಳು ಟೊಮೆಟೊದ ಎಲೆಗೆ ಏರುವುದು ತಗ್ಗುತ್ತದೆ ಎಂದು ಸ್ಪೇನಿನ ಸಂಶೋಧಕರು 2005ರಲ್ಲಿ ತೋರಿಸಿದರು. ಹಣ್ಣಿನ ತಳಿ ರೈತನಿಗೆ ಬೇಕಾದದ್ದು, ಬೇರು ಉಪ್ಪಿಗೆ ಒಗ್ಗಿದ್ದು. ಹೊಸ ತಳಿಗಾಗಿ ವರ್ಷಗಟ್ಟಲೆ ಕಾಯಬೇಕಿಲ್ಲ. ಟೊಮೆಟೊವನ್ನು ಮನುಷ್ಯ ಪಳಗಿಸುವಾಗಲೇ ಸೋಡಿಯಂ-ಪೊಟ್ಯಾಸಿಯಂ ಸಾಗಿಸುವ ವಂಶವಾಹಿಯೊಂದರ ಒಳ್ಳೆಯ ರೂಪ ಕಳೆದುಹೋಯಿತು ಎಂಬ 2020ರ ಅಧ್ಯಯನ, ಮತ್ತೆ ಕಾಡು ಬಂಧುಗಳತ್ತ ನೋಡಲು ಇನ್ನೊಂದು ಕಾರಣ ಕೊಟ್ಟಿದೆ.

ಬೇರು ಎಷ್ಟೇ ಗಟ್ಟಿಯಾಗಿದ್ದರೂ ಉಪ್ಪು ಹೊರಹೋಗಲು ದಾರಿ ಬೇಕು. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಭತ್ತಕ್ಕೆ ನಿಲ್ಲಿಸಿದ ನೀರು ಜವಳು-ಸವಳು ತಂದದ್ದಕ್ಕೆ ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಕೊಟ್ಟ ಮದ್ದು ಬಸಿಗಾಲುವೆ, ಅದರಲ್ಲೂ ನೆಲದಡಿಯ ಕೊಳವೆ. ಹನಿ ನೀರಾವರಿಯಲ್ಲಿ ಉಪ್ಪು ತೇವದ ಅಂಚಿಗೆ ಹೋಗಿ ಕೂರುತ್ತದೆ. ಸಣ್ಣ ಮಳೆ ಅದನ್ನು ಮತ್ತೆ ಬೇರಿನ ಬುಡಕ್ಕೆ ತಳ್ಳುತ್ತದೆ. ಆದ್ದರಿಂದ ಸವುಳು ನೀರಿನ ತೋಟದಲ್ಲಿ ತುಂತುರು ಬಿದ್ದ ಕೂಡಲೇ ಹನಿ ನಿಲ್ಲಿಸಬಾರದು.

ಇನ್ನೊಂದು ಮಾತು ಮಣ್ಣು ಪರೀಕ್ಷೆಯ ಬಗ್ಗೆ. ನಮ್ಮ ಪ್ರಯೋಗಾಲಯಗಳು ಸಾಮಾನ್ಯವಾಗಿ ಒಂದು ಪಾಲು ಮಣ್ಣಿಗೆ ಎರಡು ಅಥವಾ ಎರಡೂವರೆ ಪಾಲು ನೀರು ಬೆರೆಸಿ ಇ.ಸಿ. ಅಳೆಯುತ್ತವೆ. ಕೋಷ್ಟಕದ ಅಂಕಿಗಳು ನೀರು ಕುಡಿದು ಕೆಸರಾದ ಮಣ್ಣಿನಿಂದ ಹಿಂಡಿದ ರಸದವು. ತೆಳುವಾಗಿ ಬೆರೆಸಿದ ಅಳತೆ ಯಾವಾಗಲೂ ಕಡಿಮೆ ತೋರಿಸುತ್ತದೆ. ವರದಿಯಲ್ಲಿ ‘ಸಾಮಾನ್ಯ’ ಎಂದಿದೆಯೆಂದು ಈರುಳ್ಳಿ ಬೀಜ ತರುವ ಮುನ್ನ, ಯಾವ ವಿಧಾನದಲ್ಲಿ ಅಳೆದದ್ದು ಎಂದು ಕೇಳಿ ತಿಳಿದುಕೊಳ್ಳಿ.