ಕಂಪನಿ ಕೈಬಿಟ್ಟ ಕಾರು ಚಾಂಪಿಯನ್ ಆದ ವರ್ಷ

ಶೆವರ್ಲೆ ಕ್ರೂಜ್ ಕಾರು ನೆನಪಿದೆಯಾ? ಕೆಲವು ವರ್ಷ ನಮ್ಮ ದೇಶದಲ್ಲೂ ಮಾರಾಟದಲ್ಲಿತ್ತು. 2017ರ ಕೊನೆಗೆ ಕಂಪನಿ ಭಾರತದಲ್ಲಿ ಕಾರು ಮಾರುವುದನ್ನೇ ನಿಲ್ಲಿಸಿತು. ಅದಕ್ಕೂ ಐದು ವರ್ಷ ಮೊದಲು ಇದೇ ಕಂಪನಿ ಇನ್ನೊಂದು ಕಡೆಯಿಂದ ಎದ್ದು ಹೋಗಿತ್ತು. ಅದು ರೇಸ್ ಮೈದಾನ. ಹಿಂದೆ ಉಳಿದವರು ಏನು ಮಾಡಿದರು ಎನ್ನುವುದೇ ಈ ಕಥೆ.

ಟೂರಿಂಗ್ ಕಾರ್ ರೇಸ್ ಅಂದರೆ ಚಕ್ರಗಳು ಹೊರಗೆ ಕಾಣುವ ಫಾರ್ಮುಲಾ ಒನ್ ಅಲ್ಲ. ಇಲ್ಲಿ ಓಡುವುದು ಶೋರೂಮಿನಲ್ಲಿ ಸಿಗುವ ಕಾರಿನ ರೂಪದ ಗಾಡಿಗಳು. ಒಳಗಿನ ಸೀಟುಗಳನ್ನು ಕಿತ್ತು, ಚಾಲಕನ ರಕ್ಷಣೆಗೆ ಪೈಪಿನ ಪಂಜರ ಕೂರಿಸಿ, ಎಂಜಿನ್, ಬ್ರೇಕುಗಳನ್ನು ರೇಸಿಗೆ ತಕ್ಕಂತೆ ಮಾಡುತ್ತಾರೆ. ಒಂದಕ್ಕೊಂದು ಉಜ್ಜಿಕೊಂಡೇ ಓಡುತ್ತವೆ.

2005ರಲ್ಲಿ ಈಗಿನ ಕಾಲದ ವಿಶ್ವ ಟೂರಿಂಗ್ ಕಾರ್ ಚಾಂಪಿಯನ್‌ಶಿಪ್ ಶುರುವಾದಾಗಿನಿಂದ ಶೆವರ್ಲೆ ಅದರಲ್ಲಿತ್ತು. ಆದರೆ ರೇಸ್ ಕಾರು ಕಟ್ಟಿ ಓಡಿಸುತ್ತಿದ್ದವರು ಇಂಗ್ಲೆಂಡಿನ ಆರ್‌ಎಂಎಲ್ ಎಂಬ ಸಂಸ್ಥೆಯವರು. ಹೆಸರು ಕಂಪನಿಯದು, ಕೈಕೆಲಸ ಇವರದು. 2010 ಮತ್ತು 2011ರಲ್ಲಿ ಫ್ರಾನ್ಸಿನ ಇವಾನ್ ಮುಲ್ಲರ್, 2012ರಲ್ಲಿ ಇಂಗ್ಲೆಂಡಿನ ರಾಬ್ ಹಫ್ ಚಾಂಪಿಯನ್ ಆದರು. ತಯಾರಕರ ಪ್ರಶಸ್ತಿಯೂ ಮೂರು ವರ್ಷ ಶೆವರ್ಲೆಗೇ ಬಂತು.

ಹೀಗೆ ಗೆಲ್ಲುತ್ತಿದ್ದ ಕಂಪನಿ, 2012ರ ಸೀಸನ್ ನಡೆಯುತ್ತಿರುವಾಗಲೇ, ವರ್ಷದ ಕೊನೆಗೆ ಹೊರಡುತ್ತೇವೆ ಎಂದು ಹೇಳಿಬಿಟ್ಟಿತು. ಮೂವರು ಚಾಲಕರ ತಂಡ ಚದುರಿತು. ಚಾಂಪಿಯನ್ ಆಗಿದ್ದ ಹಫ್‌ಗೇ ಜಾಗ ಉಳಿಯಲಿಲ್ಲ. ಅವರು ಜರ್ಮನಿಯ ಖಾಸಗಿ ತಂಡವೊಂದರ ಸಿಯಾಟ್ ಕಾರು ಹತ್ತಿದರು. ಅಲೈನ್ ಮೆನು ಅವರೂ ಹೊರಗಾದರು.

ಆರ್‌ಎಂಎಲ್ ಬಾಗಿಲು ಹಾಕಲಿಲ್ಲ. 2013ರಲ್ಲಿ ಅದೇ ಕ್ರೂಜ್ ಕಾರುಗಳನ್ನು ಸ್ವಂತ ತಂಡವಾಗಿ ಇಳಿಸಿತು. ಕಾರು ಎರಡೇ. ಒಂದರಲ್ಲಿ ಮುಲ್ಲರ್, ಇನ್ನೊಂದರಲ್ಲಿ ಟಾಮ್ ಚಿಲ್ಟನ್. ಎದುರಿಗೆ ಹೋಂಡಾ ಕಂಪನಿಯೇ ತನ್ನ ಹೊಸ ಸಿವಿಕ್ ಕಾರುಗಳೊಂದಿಗೆ ನಿಂತಿತ್ತು. ಅದರ ಚಾಲಕ ಗೇಬ್ರಿಯೆಲೆ ಟಾರ್ಕ್ವಿನಿ 2009ರ ಚಾಂಪಿಯನ್.

ನಿಯಮಗಳೂ ಗೆದ್ದವರ ಪರವಾಗಿ ಇರಲಿಲ್ಲ. ವೇಗವಾಗಿ ಓಡುವ ಕಾರಿಗೆ 40 ಕೆ.ಜಿ.ವರೆಗೆ ಹೆಚ್ಚುವರಿ ಭಾರ ಹೊರಿಸುತ್ತಿದ್ದರು. ಪ್ರತಿ ಸುತ್ತಿಗೆ ಎರಡು ರೇಸ್. ಎರಡನೆಯದರಲ್ಲಿ ಅರ್ಹತಾ ಓಟದ ಮೊದಲ ಹತ್ತು ಜನರ ಸಾಲನ್ನು ತಿರುಗಿಸಿ, ಮುಂದಿದ್ದವರನ್ನು ಹಿಂದೆ ನಿಲ್ಲಿಸುತ್ತಿದ್ದರು.

ಆದರೂ ಮುಲ್ಲರ್ ಗೆದ್ದರು. 12 ಸುತ್ತುಗಳಲ್ಲಿ ಎರಡು ಬಾಕಿ ಇರುವಾಗಲೇ, ಜಪಾನಿನ ಸುಜುಕಾದಲ್ಲಿ ಪ್ರಶಸ್ತಿ ಖಚಿತವಾಯಿತು. ಸುಜುಕಾ ಹೋಂಡಾದ್ದೇ ಮೈದಾನ! ಆಗ ಮುಲ್ಲರ್‌ಗೆ 44 ವರ್ಷ, ಅದು ಅವರ ನಾಲ್ಕನೇ ವಿಶ್ವ ಪ್ರಶಸ್ತಿ.

ಹೇಗೆ ಸಾಧ್ಯವಾಯಿತು? 1.6 ಲೀಟರ್ ಟರ್ಬೊ ಎಂಜಿನ್ನಿನ ಕ್ರೂಜ್ 2011ರಿಂದಲೇ ಓಡುತ್ತಿತ್ತು. ಯಾವ ತಿರುವಿನಲ್ಲಿ ಅದು ಹೇಗೆ ವರ್ತಿಸುತ್ತದೆ ಎಂದು ಆರ್‌ಎಂಎಲ್ ಕೆಲಸಗಾರರಿಗೆ ಗೊತ್ತಿತ್ತು. ಸಿವಿಕ್ ರೇಸಿಗೆ ಬಂದಿದ್ದು 2012ರ ಕೊನೆಯಲ್ಲಿ. ಶೆವರ್ಲೆ ತನ್ನ ಬೆಂಬಲ ವಾಪಸ್ ಪಡೆಯಿತು. ಕಲಿತ ಕೆಲಸವನ್ನು ವಾಪಸ್ ಪಡೆಯಲು ಆಗಲಿಲ್ಲ.

ಹಾಗಂತ ದುಡ್ಡು ಬೇಡವೇ ಬೇಡ ಎಂದಲ್ಲ. 2014ರಲ್ಲಿ ಕಾರಿನ ನಿಯಮ ಬದಲಾಯಿತು. ಎಲ್ಲರೂ ಹೊಸದಾಗಿ ಕಾರು ಕಟ್ಟಬೇಕಾಯಿತು. ಸಿಟ್ರೊಯೆನ್ ಕಂಪನಿ ದೊಡ್ಡ ತಯಾರಿಯೊಂದಿಗೆ ಬಂದು ಮುಲ್ಲರ್ ಅವರನ್ನೇ ಕರೆದುಕೊಂಡಿತು. ಆ ವರ್ಷದ ಪ್ರಶಸ್ತಿ ಸಿಟ್ರೊಯೆನ್‌ನ ಹೊಸ ಚಾಲಕ ಹೋಸೆ ಮರಿಯಾ ಲೋಪೆಸ್ ಪಾಲಾಯಿತು. ಆರ್‌ಎಂಎಲ್ ಹೊಸ ನಿಯಮದ ಕ್ರೂಜ್ ಕಟ್ಟಿ ಸಣ್ಣ ತಂಡಗಳಿಗೆ ಕೊಟ್ಟಿತು. ಹಳೆಯ ಅನುಭವದ ಬಲ ಒಂದು ಸೀಸನ್ನಿಗೆ ಸಾಕಾಗಿತ್ತು, ಅಷ್ಟೇ.

2013ರ ದಾಖಲೆ ತೆಗೆದು ನೋಡಿ. ಚಾಲಕರ ಪ್ರಶಸ್ತಿ ಕ್ರೂಜ್ ಓಡಿಸಿದ ಮುಲ್ಲರ್‌ಗೆ. ತಯಾರಕರ ಪ್ರಶಸ್ತಿ ಹೋಂಡಾಗೆ. ಗೆದ್ದ ಕಾರಿನ ಕಂಪನಿ ಆ ಲೆಕ್ಕದಲ್ಲೇ ಇರಲಿಲ್ಲ.