ಉಳಿದ ಕರುಳು: ಮಧುಗಿರಿ ಸೀಮೆಯಲ್ಲಿ ಕ್ರೋನ್ಸ್ ವ್ಯಾಧಿಯ ಶಸ್ತ್ರಚಿಕಿತ್ಸೆಯೂ ತದನಂತರದ ಬಾಳುವೆಯೂ

ತುಮಕೂರು ಜಿಲ್ಲೆಯ ಉತ್ತರಭಾಗದಲ್ಲಿ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬ ನಾಲ್ಕು ತಾಲ್ಲೂಕುಗಳನ್ನೊಳಗೊಂಡು ಮಧುಗಿರಿ ಉಪವಿಭಾಗವೆನಿಸಿಕೊಂಡಿರುವ ಬಯಲುಸೀಮೆಯಲ್ಲಿ, ಇಪ್ಪತ್ತೈದು ಮೂವತ್ತರ ಪ್ರಾಯದವರೊಬ್ಬರಿಗೆ ಉಂಡ ಒಂದೆರಡು ಗಂಟೆಗಳಲ್ಲಿ ಹೊಕ್ಕುಳ ಸುತ್ತ ಹೊಟ್ಟೆ ಹಿಡಿದುಕೊಂಡು, ಗುಡಗುಡನೆ ಸದ್ದಾಗಿ, ವಾಂತಿಯಾದ ಮೇಲೆ ಮಾತ್ರ ನೋವು ಇಳಿಯುವ ಕ್ರಮವು ತಿಂಗಳುಗಟ್ಟಲೆ ನಡೆದು, ಸಂಜೆಯ ಜ್ವರವೂ ಮೈಯಿಳಿತವೂ ಅದಕ್ಕೆ ಕೂಡಿಕೊಂಡವೆಂದರೆ, ಆ ವ್ಯಾಧಿಯು ಮೊದಲು ಗ್ಯಾಸ್ಟ್ರಿಕ್ ಎಂದೂ ಬಳಿಕ ಹೊಟ್ಟೆಯ ಟಿ.ಬಿ. ಎಂದೂ ಕರೆಯಿಸಿಕೊಳ್ಳುವುದು ವಾಡಿಕೆ. ಈ ಎರಡನೆಯ ನಿರ್ಣಯವು ಅನೇಕ ವೇಳೆ ಸರಿಯಾಗಿಯೇ ಇರುತ್ತದೆ; ಆದರೆ ಕೆಲವರಲ್ಲಿ ಅದರ ಹಿಂದೆ ಕ್ರೋನ್ಸ್ ವ್ಯಾಧಿಯು ಅಡಗಿದ್ದು, ಅದು ಬಯಲಾಗುವ ಹೊತ್ತಿಗೆ ಕರುಳು ಅಲ್ಲಲ್ಲಿ ಸಂಕೋಚಗೊಂಡು ಶಸ್ತ್ರಚಿಕಿತ್ಸೆಯ ಹೊರತು ಬೇರೆ ದಾರಿ ಉಳಿದಿರುವುದಿಲ್ಲ. ಇಂತಹ ರೋಗಿಯ ಮುಂದಿನ ಬಾಳುವೆಯನ್ನು ಶಸ್ತ್ರವೈದ್ಯನು ಕೊಯ್ದು ತೆಗೆದ ಕರುಳಿಗಿಂತ ಒಡಲಲ್ಲಿ ಉಳಿಸಿದ ಕರುಳೇ ಹೆಚ್ಚಾಗಿ ನಿರ್ಧರಿಸುತ್ತದೆಂಬುದೂ, ರೋಗನಿರ್ಣಯ ಮೊದಲ್ಗೊಂಡು ಊಟೋಪಚಾರಗಳ ಪರ್ಯಂತ ಸಕಲವನ್ನೂ ಆ ಒಂದು ದೃಷ್ಟಿಯಿಂದಲೇ ತೂಗಿ ನೋಡುವುದು ಯುಕ್ತವೆಂಬುದೂ ಪ್ರಸ್ತುತ ಲೇಖನದ ಪ್ರತಿಪಾದ್ಯ.

ಈ ವ್ಯಾಧಿಯ ಜ್ಞಾನವು ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆಯೇ ಹುಟ್ಟಿತೆಂಬುದು ಸ್ಮರಣೀಯ. 1913ರಲ್ಲಿ ಗ್ಲಾಸ್ಗೋ ನಗರದ ಶಸ್ತ್ರವೈದ್ಯ ಕೆನೆಡಿ ಡಾಲ್ಜಿಯಲ್ ಎಂಬವರು ಕ್ಷಯವನ್ನು ಹೋಲಿದರೂ ಕ್ಷಯವಲ್ಲದ ಕರುಳಿನ ಉರಿಯೂತವೊಂದನ್ನು ವರ್ಣಿಸಿ, ದನಗಳಲ್ಲಿ ಕಾಣುವ ಯೋನೆ ರೋಗಕ್ಕೂ ಇದಕ್ಕೂ ಇರುವ ಸಾದೃಶ್ಯವನ್ನು ಸೂಚಿಸಿದ್ದರು. ತರುವಾಯ 1932ರಲ್ಲಿ ನ್ಯೂಯಾರ್ಕಿನ ಮೌಂಟ್ ಸೈನಾಯ್ ಆಸ್ಪತ್ರೆಯ ಬರಿಲ್ ಕ್ರೋನ್, ಲಿಯಾನ್ ಗಿಂಜ್‌ಬರ್ಗ್, ಗಾರ್ಡನ್ ಆಪನ್‌ಹೈಮರ್ ಎಂಬ ಮೂವರು 14 ರೋಗಿಗಳ ವೃತ್ತಾಂತವನ್ನು ಪ್ರಕಟಿಸಿದರು. ಆ ರೋಗಿಗಳ ಕರುಳನ್ನು ಕೊಯ್ದ ಬರ್ಗ್ ಎಂಬ ಶಸ್ತ್ರವೈದ್ಯರು ಲೇಖಕರ ಸಾಲಿನಲ್ಲಿ ಸೇರಲೊಪ್ಪದೆ ಹೋದುದರಿಂದ, ಅಕಾರಾದಿಯಲ್ಲಿ ಮೊದಲು ಬಂದ ಕ್ರೋನರ ಹೆಸರೇ ರೋಗಕ್ಕೆ ನಿಂತುಹೋಯಿತು. ಸಣ್ಣಕರುಳಿನ ಕೊನೆಯ ಭಾಗವು ದೊಡ್ಡಕರುಳನ್ನು ಕೂಡುವ ಸಂಧಿಸ್ಥಾನವೇ ಈ ವ್ಯಾಧಿಗೆ ಪ್ರಿಯವಾದ ನೆಲೆ. ದುರ್ದೈವದಿಂದ ಕರುಳಿನ ಕ್ಷಯಕ್ಕೂ ಅದೇ ನೆಲೆ. ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯ ಟಂಡನ್ ಮತ್ತು ಪ್ರಕಾಶ್ ಎಂಬವರು ಇವೆರಡರ ಅಂಗವಿಕೃತಿಗಳ ಭೇದವನ್ನು 1972ರಲ್ಲಿ ವಿಸ್ತಾರವಾಗಿ ನಿರೂಪಿಸಿದರು. ಸ್ಥೂಲವಾಗಿ ಹೇಳುವುದಾದರೆ, ಕ್ಷಯದ ವ್ರಣಗಳು ಕರುಳಿಗೆ ಅಡ್ಡಲಾಗಿ ಸುತ್ತುತ್ತವೆ, ಕ್ರೋನ್ಸ್ ವ್ಯಾಧಿಯ ವ್ರಣಗಳು ಉದ್ದಕ್ಕೆ ಹರಿಯುತ್ತವೆ. ಮೊದಲನೆಯದರ ಗಂಟುಗಳ ನಡುವೆ ಗಿಣ್ಣಿನಂತಹ ಕೊಳೆತವಿರುತ್ತದೆ, ಎರಡನೆಯದರಲ್ಲಿ ಅದಿರುವುದಿಲ್ಲ. ಎರಡನೆಯದು ಕರುಳಿನ ಗೋಡೆಯ ಸರ್ವಸ್ತರಗಳನ್ನೂ ಭೇದಿಸಿ, ನಡುನಡುವೆ ಆರೋಗ್ಯವಂತ ಭಾಗಗಳನ್ನು ಬಿಟ್ಟು ಹಾರಿ ಹಾರಿ ಮುಂದುವರಿಯುತ್ತದೆ. ಆದರೆ ಈ ಲಕ್ಷಣಗಳು ಪುಸ್ತಕದಲ್ಲಿರುವಷ್ಟು ವಿಶದವಾಗಿ ಜೀವಂತ ರೋಗಿಯಲ್ಲಿ ದೊರೆಯುವುದಿಲ್ಲ.

ಕ್ಷಯದ ಅಧ್ಯಯನದಲ್ಲಿ ಈ ಜಿಲ್ಲೆಗಿರುವ ಸ್ಥಾನವು ಇಲ್ಲಿಯ ಜನರಿಗೇ ಹೆಚ್ಚಾಗಿ ತಿಳಿಯದು. 1959ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು 1960-61ರಲ್ಲಿ ತನ್ನ ಸಮೀಕ್ಷೆಗೆ ಆರಿಸಿಕೊಂಡದ್ದು ತುಮಕೂರು ಜಿಲ್ಲೆಯನ್ನೇ. ರಾಜ್ ನಾರಾಯಣ್ ಮತ್ತು ಅವರ ಸಹೋದ್ಯೋಗಿಗಳ ವರದಿಯ ಪ್ರಕಾರ ಸಾವಿರಕ್ಕೆ ಸುಮಾರು 4 ಮಂದಿಯಲ್ಲಿ ಕ್ಷಯಾಣುಗಳು ಕಂಡುಬಂದವು. ಅದರ ಬೆನ್ನಲ್ಲೇ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಅದೇ ಜಿಲ್ಲೆಯ ಗ್ರಾಮಗಳಲ್ಲಿ ರೋಗಿಗಳನ್ನು ಮಾತನಾಡಿಸಿ, ತಮ್ಮ ಫಲಿತಾಂಶವನ್ನು 1963ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಹಳ್ಳಿಗರು ಅಜ್ಞಾನದಿಂದ ರೋಗವನ್ನು ಗಮನಿಸುವುದೇ ಇಲ್ಲವೆಂಬ ಅಂದಿನ ವಿದ್ವಜ್ಜನರ ನಂಬಿಕೆಗೆ ವಿರುದ್ಧವಾಗಿ, ಬಹುತೇಕ ರೋಗಿಗಳಿಗೆ ತಮ್ಮ ಲಕ್ಷಣಗಳ ಅರಿವಿತ್ತೆಂದೂ, ಅರ್ಧದಷ್ಟು ಮಂದಿ ತಾವಾಗಿಯೇ ವೈದ್ಯಶಾಲೆಗಳಿಗೆ ಹೋಗಿದ್ದರೆಂದೂ, ಅಲ್ಲಿ ರೋಗವನ್ನು ಗುರುತಿಸದೆ ಕೆಮ್ಮಿನ ಔಷಧ ಕೊಟ್ಟು ಕಳುಹಿಸಿದ್ದರೆಂದೂ ಅವರು ತೋರಿಸಿಕೊಟ್ಟರು. ಆ ಅಧ್ಯಯನವು ಶ್ವಾಸಕೋಶದ ಕ್ಷಯಕ್ಕೆ ಸಂಬಂಧಿಸಿದುದು ನಿಜ. ಆದರೂ ಕರುಳಿನ ರೋಗಿಯ ವಿಷಯದಲ್ಲಿ ಅದರ ಬೋಧೆಯು ಇನ್ನೂ ತೀಕ್ಷ್ಣವಾಗಿ ಅನ್ವಯಿಸುತ್ತದೆಂದು ನಾನು ಭಾವಿಸುತ್ತೇನೆ. ಹೊಟ್ಟೆನೋವಿನವನು ಬರುತ್ತಾನೆ, ಮತ್ತೆ ಮತ್ತೆ ಬರುತ್ತಾನೆ. ಆಮ್ಲಹರ ಗುಳಿಗೆಯನ್ನು ಪಡೆದು ಹಿಂದಿರುಗುತ್ತಾನೆ. ಪಾವಗಡದಿಂದ ಜಿಲ್ಲಾಕೇಂದ್ರಕ್ಕೆ ಸುಮಾರು 100 ಕಿಲೋಮೀಟರು ದೂರವಿರುವಾಗ, ಕ್ಯಾಮೆರಾ ಬಿಟ್ಟು ಕರುಳಿನ ಚೂರನ್ನು ತೆಗೆದು ನೋಡುವ ಪರೀಕ್ಷೆಯು ಒಂದು ಕೂಲಿಯ ದಿನವನ್ನಲ್ಲ, ಜೊತೆಗೆ ಬರುವವರದೂ ಸೇರಿ ಹಲವು ದಿನಗಳನ್ನು ನುಂಗುತ್ತದೆ.

ನಿರ್ಣಯವು ಸಂದಿಗ್ಧವಾದಾಗ ಕ್ಷಯದ ಗುಳಿಗೆಗಳನ್ನು ಎರಡು ಮೂರು ತಿಂಗಳು ಕೊಟ್ಟು ನೋಡುವುದು ನಮ್ಮ ದೇಶದ ವೈದ್ಯರ ರೂಢಿ. ಇದು ನಿರಾಧಾರವಾದುದಲ್ಲ, ಕ್ಷಯವಿರುವವನಿಗೆ ಕ್ರೋನ್ಸ್ ವ್ಯಾಧಿಯೆಂದು ಭ್ರಮಿಸಿ ಸ್ಟೀರಾಯ್ಡ್ ಕೊಟ್ಟರೆ ಕ್ಷಯವು ಮೈತುಂಬ ಹರಡುವ ಅಪಾಯವಿದೆ. ಆದರೆ ಎರಡನೆಯ ತಿಂಗಳ ಕೊನೆಯಲ್ಲಿ ವ್ರಣಗಳು ಮಾಯುತ್ತಿವೆಯೇ ಎಂದು ಪುನಃ ಕ್ಯಾಮೆರಾ ಬಿಟ್ಟು ನೋಡದೆ, ನೋವು ಸ್ವಲ್ಪ ಕಡಿಮೆಯಾಯಿತೆಂಬ ರೋಗಿಯ ಮಾತನ್ನೇ ಪ್ರಮಾಣವಾಗಿ ಹಿಡಿದು ಚಿಕಿತ್ಸೆಯನ್ನು ಮುಂದುವರಿಸಿದಾಗ, ಆ ಅವಧಿಯಲ್ಲಿ ಉರಿಯೂತವಾಗಿದ್ದುದು ಗಾಯದ ಕಲೆಯಾಗಿ ಗಟ್ಟಿಗೊಂಡು ಔಷಧಕ್ಕೆ ಬಗ್ಗದ ಸಂಕೋಚವಾಗಿ ಪರಿಣಮಿಸುತ್ತದೆ.

ಇನ್ನು ಶಸ್ತ್ರಚಿಕಿತ್ಸೆಯ ವಿಚಾರ. ಮೊದಮೊದಲು ರೋಗಗ್ರಸ್ತ ಭಾಗವನ್ನು ಮುಟ್ಟದೆ ಅದನ್ನು ಬಳಸಿಕೊಂಡು ಹೋಗುವಂತೆ ಕರುಳಿಗೆ ಕರುಳನ್ನು ಜೋಡಿಸುವ ಪದ್ಧತಿಯು ಪ್ರಚಾರದಲ್ಲಿತ್ತು. 1956ರ ಜೂನ್ ತಿಂಗಳಲ್ಲಿ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರರಿಗೆ ನಡೆದದ್ದು ಇದೇ ಶಸ್ತ್ರಕ್ರಿಯೆ. ಅನಂತರ ಬೇನೆಯ ಭಾಗವನ್ನು ಕೊಯ್ದು ತೆಗೆಯುವುದು ರೂಢಿಗೆ ಬಂದಾಗ, ರೋಗದ ಸುಳಿವನ್ನೂ ಉಳಿಸಬಾರದೆಂಬ ಆತುರದಿಂದ ಇಕ್ಕೆಲದ ಒಳ್ಳೆಯ ಕರುಳನ್ನೂ ಗೇಣುದ್ದ ಕತ್ತರಿಸುತ್ತಿದ್ದರು. ಈ ಆತುರವು ನಿಷ್ಫಲವೆಂಬುದು ಕ್ಲೀವ್‌ಲೆಂಡಿನ ವಿಕ್ಟರ್ ಫಾಜಿಯೋ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ಪರೀಕ್ಷೆಯಿಂದ ಸಿದ್ಧವಾಯಿತು: ಅಂಚಿನಲ್ಲಿ 2 ಸೆಂಟಿಮೀಟರು ಬಿಟ್ಟು ಕೊಯ್ದವರಿಗೂ 12 ಸೆಂಟಿಮೀಟರು ಬಿಟ್ಟು ಕೊಯ್ದವರಿಗೂ ರೋಗದ ಮರುಕಳಿಕೆಯಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ.

ಕರುಳನ್ನು ಉಳಿಸುವ ಈ ವಿವೇಕಕ್ಕೆ ಭಾರತವು ಕೊಟ್ಟ ಕಾಣಿಕೆಯನ್ನು ಇಲ್ಲಿ ನೆನೆಯದಿರಲಾಗದು. ಚಂಡೀಗಢದ ಸ್ನಾತಕೋತ್ತರ ವೈದ್ಯಸಂಸ್ಥೆಯ ಕಟಾರಿಯಾ ಮತ್ತು ಅವರ ಸಹೋದ್ಯೋಗಿಗಳು, ಕ್ಷಯದಿಂದ ಹಲವೆಡೆ ಸಂಕೋಚಗೊಂಡ ಕರುಳನ್ನು ಕತ್ತರಿಸಿ ಎಸೆದರೆ ಮೊದಲೇ ಕೃಶನಾದ ರೋಗಿ ಉಳಿಯಲಾರನೆಂದು ಕಂಡು, ಸಂಕೋಚವನ್ನು ತೆಗೆಯದೆ ಅಗಲಿಸುವ ಉಪಾಯವನ್ನು ಕೈಗೊಂಡು ಅದರ ಫಲವನ್ನು 1977ರಲ್ಲಿ ಪ್ರಕಟಿಸಿದರು. ಕಿರಿದಾದ ಭಾಗದ ಮೇಲೆ, ಎರಡು ಬದಿಯ ಒಳ್ಳೆಯ ಕರುಳನ್ನೂ ಒಂದೆರಡು ಸೆಂಟಿಮೀಟರಿನಷ್ಟು ಮುಟ್ಟುವಂತೆ, ಕರುಳಿನ ಉದ್ದಕ್ಕೆ ಸೀಳಬೇಕು; ಸೀಳಿನ ನಡುವಿನಲ್ಲಿ ಎರಡು ಪಕ್ಕಗಳಿಗೂ ಒಂದೊಂದು ದಾರವನ್ನು ಹಾಕಿ ಮೆಲ್ಲನೆ ಎಳೆದರೆ ಉದ್ದನೆಯ ಸೀಳು ಅಡ್ಡನೆಯ ಸೀಳಾಗಿ ತೆರೆದುಕೊಳ್ಳುತ್ತದೆ; ಹಾಗೆಯೇ ಅಡ್ಡಲಾಗಿ ಹೊಲಿದುಬಿಟ್ಟರೆ, ಕಡ್ಡಿಯೂ ತೂರದಿದ್ದ ಎಡೆಯಲ್ಲಿ ಬೆರಳು ಆಡುವಷ್ಟು ಹಾದಿಯಾಗುತ್ತದೆ; ಕರುಳಿನ ಒಂದು ಚೂರೂ ನಷ್ಟವಾಗುವುದಿಲ್ಲ. ಆಕ್ಸ್‌ಫರ್ಡಿನ ಇಮ್ಯಾನುಯೆಲ್ ಲೀ ಎಂಬವರು 1982ರಲ್ಲಿ ಇದೇ ಕ್ರಮವನ್ನು ಕ್ರೋನ್ಸ್ ವ್ಯಾಧಿಗೆ ಅಳವಡಿಸಿದ್ದನ್ನು ವರದಿಮಾಡಿದರು. ರೋಗವಿರುವ ಕರುಳನ್ನು ಹೊಲಿದರೆ ಹೊಲಿಗೆ ನಿಲ್ಲದೆಂಬ ಹಳೆಯ ಭಯವು ಅನುಭವದಲ್ಲಿ ಕರಗಿತು. ನಮ್ಮ ಬಡರೋಗಿಗಳ ಕ್ಷಯಪೀಡಿತ ಕರುಳಿನ ಮೇಲೆ ಕಲಿತ ಪಾಠವು ಶ್ರೀಮಂತ ದೇಶಗಳ ಕ್ರೋನ್ಸ್ ರೋಗಿಗಳನ್ನು ಕಾಪಾಡಿತೆಂಬುದು ವೈದ್ಯೇತಿಹಾಸದಲ್ಲಿ ಹೆಮ್ಮೆಪಡತಕ್ಕ ಸಂಗತಿ.

ಕೊಯ್ದು ಜೋಡಿಸುವುದು ಸುರಕ್ಷಿತವಲ್ಲದಷ್ಟು ಕೀವು ತುಂಬಿದಾಗಲೋ ರೋಗಿಯು ಅತಿ ನಿಶ್ಶಕ್ತನಾದಾಗಲೋ ಕರುಳಿನ ತುದಿಯನ್ನು ಕೆಲವು ತಿಂಗಳ ಮಟ್ಟಿಗೆ ಹೊಟ್ಟೆಯ ಮೇಲೆ ತೆರೆದು ಚೀಲವನ್ನು ಕೂರಿಸಬೇಕಾಗುತ್ತದೆ. ಈ ತುದಿಯನ್ನು ಮೊಗ್ಗಿನಂತೆ ಹೊರಮಡಚಿ ಹೊಲಿಯುವ ಕ್ರಮವು ಬ್ರಯನ್ ಬ್ರೂಕ್ ಎಂಬವರಿಂದ 1952ರಲ್ಲಿ ಬಂದಿತು. ಅದಕ್ಕೆ ಮುಂಚೆ ಸುತ್ತಣ ಚರ್ಮವು ಕರುಳಿನ ರಸಕ್ಕೆ ಸುಟ್ಟು ಹೋಗುತ್ತಿತ್ತು. ಪಾವಗಡದಂತಹ ಮಳೆಯಭಾವದ ತಾಲ್ಲೂಕಿನಲ್ಲಿ ಚೀಲಧಾರಿಗೆ ಬೇಸಗೆಯೇ ದೊಡ್ಡ ಶತ್ರು. ಸಣ್ಣಕರುಳಿನ ತುದಿಯಿಂದ ನೀರಿನೊಡನೆ ಉಪ್ಪೂ ಹೇರಳವಾಗಿ ಹೊರಬೀಳುವುದರಿಂದ, ದಾಹವಾಯಿತೆಂದು ಬರಿಯ ನೀರನ್ನೇ ಕುಡಿಯುತ್ತ ಹೋದರೆ ಚೀಲ ಬೇಗ ತುಂಬುವುದಲ್ಲದೆ ಮೈಯೊಳಗಿನ ಉಪ್ಪು ಇನ್ನಷ್ಟು ತಗ್ಗಿ, ಕಾಲಿನ ಮೀನಖಂಡ ಸೆಳೆದು ತಲೆ ಸುತ್ತುತ್ತದೆ. ಓ.ಆರ್.ಎಸ್. ಪೊಟ್ಟಣವೂ, ಉಪ್ಪು ಹಾಕಿದ ಗಂಜಿ ಮಜ್ಜಿಗೆಗಳೂ ಇಲ್ಲಿ ಔಷಧಕ್ಕೆ ಸಮಾನ.

ಆಹಾರದ ವಿಷಯದಲ್ಲಿ ಈ ಸೀಮೆಯ ಪರಿಸ್ಥಿತಿಗೆ ತನ್ನದೇ ಆದ ತೊಡಕುಂಟು. ಇಲ್ಲಿ ಮುದ್ದೆಯನ್ನು ಯಾರೂ ಅಗಿಯುವುದಿಲ್ಲ. ಮುರಿದು, ಸಾರಿನಲ್ಲಿ ಅದ್ದಿ, ನುಂಗುತ್ತಾರೆ. ಅದರ ಜೊತೆಗೆ ಹುರುಳಿಕಾಳು, ಅವರೆಕಾಳಿನ ಸಿಪ್ಪೆ, ಸೊಪ್ಪಿನ ದಂಟು ಸಹ ಅಗಿಯದೆ ಇಳಿಯುತ್ತವೆ. ಆರೋಗ್ಯವಂತನಿಗೆ ಇದರಿಂದ ಬಾಧಕವಿಲ್ಲ. ಕರುಳು ಕಿರಿದಾದವನಿಗಾದರೋ ಒಂದು ಹಿಡಿ ಕಾಳಿನ ಸಿಪ್ಪೆಯೇ ಅಡ್ಡಕಟ್ಟಾಗಬಹುದು. ಶಸ್ತ್ರಚಿಕಿತ್ಸೆಯಾದ ಮೊದಲ ವಾರಗಳಲ್ಲಿ ಬೇರೆ ದೇಶದ ಪಥ್ಯದ ಪಟ್ಟಿಯೊಂದನ್ನು ರೋಗಿಯ ಕೈಗೆ ಕೊಡುವ ಬದಲು, ಈ ಮನೆಗಳಲ್ಲಿಯೇ ಇರುವ ಪಾಕಕ್ರಮವನ್ನು ಆಶ್ರಯಿಸುವುದು ಲೇಸು. ಹಾಲುಗೂಸುಗಳಿಗೆಂದು ಬಟ್ಟೆಯಲ್ಲಿ ಶೋಧಿಸಿದ ಹಿಟ್ಟಿನಿಂದ ಮಾಡುವ ರಾಗಿಸರಿ ಮೊದಲಿಗೆ ಸಾಕು. ಬಳಿಕ ಮೆತ್ತನೆಯ ಅನ್ನ. ಆಮೇಲೆ ಸಣ್ಣ ಮುದ್ದೆ, ಅದೂ ಅಗಿದು. ಅವರೆಯ ಕಾಲದಲ್ಲಿ ಕಾಳನ್ನು ನೆನೆಹಾಕಿ, ಹೆಬ್ಬೆರಳು ತೋರುಬೆರಳುಗಳ ನಡುವೆ ಒಂದೊಂದಾಗಿ ಹಿಸುಕಿ, ಸಿಪ್ಪೆಯನ್ನು ಬೇರ್ಪಡಿಸಿ ಹಿದುಕಿದ ಬೇಳೆಯ ಸಾರು ಮಾಡುವ ಗೃಹಿಣಿಯರಿಗೆ ಸಿಪ್ಪೆ ತೆಗೆಯಬೇಕೆಂದು ಹೇಳಿದರೆ ಸಾಕು, ಹೇಗೆಂದು ಹೇಳಿಕೊಡಬೇಕಾಗಿಲ್ಲ. ಹೊಲದ ಕೆಲಸದ ನಡುವೆ ಮಡಿಲಿನಿಂದ ತೆಗೆದು ತಿನ್ನುವ ಹುರಿದ ಕಡ್ಲೆಕಾಯಿಯನ್ನು ಬಿಡುವುದೇ ಅನೇಕರಿಗೆ ಎಲ್ಲಕ್ಕಿಂತ ಕಷ್ಟ.

ಸಣ್ಣಕರುಳಿನ ಕೊನೆಯ ಭಾಗಕ್ಕೆ ಬೇರಾವ ಭಾಗವೂ ಮಾಡಲಾರದ ಎರಡು ಕಾರ್ಯಗಳಿವೆ: ಬಿ-12 ಜೀವಸತ್ವವನ್ನು ಹೀರುವುದು, ಪಿತ್ತರಸದ ಲವಣಗಳನ್ನು ಮರಳಿ ಪಡೆಯುವುದು. ಆ ಭಾಗ ಹೋದಾಗ ಪಿತ್ತಲವಣಗಳು ದೊಡ್ಡಕರುಳಿಗಿಳಿದು ನೀರುಭೇದಿಯನ್ನುಂಟುಮಾಡುತ್ತವೆ. ಅದು ರೋಗದ ಮರುಕಳಿಕೆಯಲ್ಲ, ಅದಕ್ಕೆ ಬೇರೆಯೇ ಪುಡಿಯ ಔಷಧವಿದೆ. ಬಿ-12ರ ಕೊರತೆಯಾದರೋ ಯಕೃತ್ತಿನಲ್ಲಿ ವರ್ಷಗಳಿಗಾಗುವಷ್ಟು ದಾಸ್ತಾನಿರುವುದರಿಂದ ಮೆಲ್ಲನೆ ಬರುತ್ತದೆ. ಆಪರೇಷನ್ ಮರೆತುಹೋದ ಕಾಲಕ್ಕೆ ಅಂಗಾಲು ಜೋಮು ಹಿಡಿದಾಗ ಎರಡಕ್ಕೂ ಇರುವ ನಂಟನ್ನು ಯಾರೂ ನೆನೆಯುವುದಿಲ್ಲ.

ಶಸ್ತ್ರಚಿಕಿತ್ಸೆಯು ಈ ವ್ಯಾಧಿಯನ್ನು ನಿರ್ಮೂಲಗೊಳಿಸುವುದಿಲ್ಲವೆಂಬುದನ್ನು ಮುಂಚಿತವಾಗಿಯೇ ರೋಗಿಗೆ ತಿಳಿಸುವುದು ವೈದ್ಯನ ಧರ್ಮ. ಬೆಲ್ಜಿಯಮ್ಮಿನ ರುಟ್‌ಗೀರ್ಟ್ಸ್ ಮತ್ತು ಸಹೋದ್ಯೋಗಿಗಳು 1990ರಲ್ಲಿ ಪ್ರಕಟಿಸಿದಂತೆ, ಒಂದು ವರ್ಷದೊಳಗೆ ಶೇಕಡ 70ಕ್ಕೂ ಹೆಚ್ಚು ರೋಗಿಗಳಲ್ಲಿ ಜೋಡಣೆಯ ಮೇಲ್ಭಾಗದಲ್ಲಿ ಹೊಸ ವ್ರಣಗಳು ಕಂಡುಬಂದವು. ಆದರೆ ಅವರಲ್ಲಿ ಬಹುಮಂದಿಗೆ ಯಾವ ನೋವೂ ಇರಲಿಲ್ಲ. ಆದಕಾರಣ ಆರು ತಿಂಗಳಿಂದ ಒಂದು ವರ್ಷದೊಳಗೆ ಪುನಃ ಕ್ಯಾಮೆರಾ ಬಿಟ್ಟು ನೋಡುವುದು ಅವಶ್ಯಕ. ಚೆನ್ನಾಗಿದ್ದೇನೆಂಬ ಭರವಸೆಯಿಂದ ಗುಳಿಗೆಯನ್ನು ಬಿಟ್ಟು ಸಿದ್ಧರಬೆಟ್ಟದ ಗಿಡಮೂಲಿಕೆಗೆ ತಿರುಗುವವರನ್ನು ಗದರಿಸಿ ಪ್ರಯೋಜನವಿಲ್ಲ. ನೋವಿಲ್ಲದಿರುವಾಗಲೂ ವ್ರಣ ಬೆಳೆಯಬಹುದೆಂದು ಅವರಿಗೆ ಯಾರಾದರೂ ಕುಳಿತು ಬಿಡಿಸಿ ಹೇಳಬೇಕು. ಬೀಡಿಯು ಮರುಕಳಿಕೆಯನ್ನು ಹೆಚ್ಚಿಸುತ್ತದೆಂಬುದು ನಿಸ್ಸಂದೇಹವಾಗಿ ಸ್ಥಾಪಿತವಾದ ವಿಷಯ. ಅದನ್ನು ಬಿಡಲು ಕಾಸೂ ಖರ್ಚಿಲ್ಲ, ಬೆಂಗಳೂರಿನ ಬಸ್ಸನ್ನೂ ಹತ್ತಬೇಕಾಗಿಲ್ಲ.

ಇವೆಲ್ಲಕ್ಕೂ ಆಧಾರವಾದ ಕಾಗದವೊಂದಿದೆ. ಕರುಳು ಕೊಯ್ದು ಜೋಡಿಸಿದರೆಂಬುದಷ್ಟನ್ನೇ ಬಲ್ಲ ರೋಗಿಯು, ಹತ್ತು ವರ್ಷಗಳ ತರುವಾಯ ಶಿರಾದಲ್ಲೋ ಕೊರಟಗೆರೆಯಲ್ಲೋ ಹೊಸ ವೈದ್ಯನ ಮುಂದೆ ಕುಳಿತಾಗ, ಎಷ್ಟು ಉದ್ದದ ಕರುಳು ಹೋಯಿತು, ಎಷ್ಟು ಉಳಿಯಿತು, ಸಣ್ಣಕರುಳು ದೊಡ್ಡಕರುಳುಗಳ ಸಂಧಿಯ ಕವಾಟವಿದೆಯೋ ಇಲ್ಲವೋ, ಜೋಡಣೆ ಎಲ್ಲಿದೆ, ಎಷ್ಟು ಕಡೆ ಸಂಕೋಚವನ್ನು ಅಗಲಿಸಲಾಯಿತು ಎಂಬುದಾವುದನ್ನೂ ಹೇಳಲಾರನು. ಉಳಿದ ಕರುಳು ಎರಡು ಮೀಟರಿಗಿಂತ ಕಡಿಮೆಯಾದರೆ ಪೋಷಣೆಯೇ ದುಸ್ತರವಾಗುವುದರಿಂದ, ಎರಡನೆಯ ಸಲ ಕತ್ತಿ ಹಿಡಿಯುವವನಿಗೆ ಈ ಅಳತೆಯು ಅನಿವಾರ್ಯ. ಆಸ್ಪತ್ರೆಯಿಂದ ಬಿಡುವ ದಿನ ಕೊಡುವ ಚೀಟಿಯಲ್ಲಿ ಈ ಐದು ವಿವರಗಳನ್ನೂ ಬಿ-12ರ ಮುಂದಿನ ಚುಚ್ಚುಮದ್ದಿನ ತಿಂಗಳನ್ನೂ ಕನ್ನಡದಲ್ಲಿ ಬರೆದುಕೊಡಬೇಕು. ಅದರ ಒಂದು ಪ್ರತಿಯು ರೋಗಿಯ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿರಬೇಕು.